ಗೋಡೆಗಿಂತ ಮೊದಲು ಕಾಲುವೆ: ಮೂಡಿಗೆರೆ ತಾಲ್ಲೂಕಿನ ಒಂದು ಗುಡ್ಡಕುಸಿತ ಪ್ರಕರಣ

ಈ ಪ್ರಕರಣ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಘಟ್ಟದ ಅಂಚಿಗೆ ಇರುವ ಒಂದು ಸಣ್ಣ ಊರಿನದು. ಊರಿನ ಹೆಸರು, ಮನೆತನಗಳ ಹೆಸರು, ತೋಟದ ಹೆಸರು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಸಿಗಬಾರದೆಂದು ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಆದರೆ ಯಾವ ನಿರ್ಧಾರ ಯಾವಾಗ ಆಯಿತು, ಯಾಕೆ ಆಯಿತು, ಅದರಿಂದ ಏನಾಯಿತು ಎಂಬ ಕ್ರಮವನ್ನು ಬದಲಿಸಿಲ್ಲ. ಇಂಥದೇ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡಿರುವ ಊರುಗಳಿಗೆ, ಪಂಚಾಯಿತಿಗಳಿಗೆ ಉಪಯೋಗವಾಗುವುದು ಆ ಕ್ರಮವೇ.

ಹಿನ್ನೆಲೆ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಚಿಕ್ಕಮಗಳೂರಿನ ಮಲೆನಾಡಿನವರು ಅದನ್ನು ಪಕ್ಕದ ಜಿಲ್ಲೆಯ ಸುದ್ದಿಯಾಗಿಯೇ ಓದಿದರು. ಮರುವರ್ಷದ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯ ದಿನಗಳಲ್ಲಿ, ಅದೇ ಸುದ್ದಿ ಮನೆ ಬಾಗಿಲಿಗೆ ಬಂತು. ಚಾರ್ಮಾಡಿ ಘಾಟಿಯ ರಸ್ತೆ ಹಲವು ಕಡೆ ಜರಿದು ಸಂಚಾರ ನಿಂತಿತು. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಂಥ ಊರುಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ನಮ್ಮ ಪ್ರಕರಣದ ಊರು ಪತ್ರಿಕೆಗೆ ಬಂದ ಊರುಗಳಲ್ಲಿ ಒಂದಲ್ಲ. ಇಲ್ಲಿ ಆ ವರ್ಷ ಮನೆ ಬೀಳಲಿಲ್ಲ, ಯಾರೂ ಸಾಯಲಿಲ್ಲ. ಗುಡ್ಡ ಬಿರುಕು ಬಿಟ್ಟಿತು, ಅಷ್ಟೆ. ಹಾಗಾಗಿಯೇ ಪರಿಹಾರದ ಪಟ್ಟಿಯಲ್ಲಿ ಈ ಊರಿನ ಹೆಸರು ಬಹುಕಾಲ ಸೇರಲಿಲ್ಲ.

ಊರಿನ ಇರುವಿಕೆಯನ್ನು ಸ್ವಲ್ಪ ವಿವರಿಸಬೇಕು. ಮೇಲುಗಡೆ ಕಡಿದಾದ ಇಳಿಜಾರಿನಲ್ಲಿ ಒಂದು ಕಾಫಿ ತೋಟ; ಅದರ ನೆತ್ತಿಯಲ್ಲಿ ಬಂಡೆ ಕಾಣುವ ಬೋಳು ಏಣು, ಅಂದರೆ ಗುಡ್ಡದ ಬೆನ್ನು. ತೋಟದ ಕೆಳಗಂಚಿಗೆ ಏಳೆಂಟು ಹೆಂಚಿನ ಮನೆಗಳ ಮೇಲಿನ ಕೇರಿ, ಅದಕ್ಕೂ ಕೆಳಗೆ ರಸ್ತೆಯ ಬದಿಗೆ ನಡುವಿನ ಕೇರಿ, ಹಳ್ಳದ ಹತ್ತಿರ ಪರಿಶಿಷ್ಟ ಜಾತಿಯವರ ಕಾಲೊನಿ ಮತ್ತು ತೋಟದ ಲೈನ್ ಮನೆಗಳು. ಹಳ್ಳದಾಚೆ ಒಂದು ಕಾಲಕ್ಕೆ ಗದ್ದೆಯಾಗಿದ್ದು ಈಗ ಅಡಕೆ ಹಾಕಿರುವ ಜಾಗ. ಮಣ್ಣು ಈ ಸೀಮೆಯ ಎಲ್ಲ ಕಡೆಯಂತೆ: ಮೇಲೆ ಕಪ್ಪು ಕಾಡುಮಣ್ಣು, ಕೆಳಗೆ ಹಲವು ಮೀಟರು ಆಳದ ಕೆಂಪು ಮಣ್ಣು, ಅದರಡಿಯಲ್ಲಿ ಬಿಳಿ ಅಥವಾ ತೆಳುಹಳದಿ ಜೇಡಿ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಕೆಂಪು ಮಣ್ಣು ನೀರನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಜೇಡಿ ಅಷ್ಟು ಸುಲಭವಾಗಿ ಬಿಡುವುದಿಲ್ಲ. ವಾರಗಟ್ಟಲೆ ಸುರಿದ ಮೇಲೆ ಎರಡರ ನಡುವೆ ನೀರು ನಿಂತು ಒತ್ತಡ ಏರುತ್ತದೆ, ಮಣ್ಣಿನ ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಒಂದು ಹಂತದಲ್ಲಿ ಮೇಲಿನ ಪದರವೆಲ್ಲ ಮರ ಗಿಡ ಸಹಿತ ಜಾರುತ್ತದೆ. ಒಂದು ದಿನದ ಜೋರು ಮಳೆ ಅಪಾಯವಾಗುವುದು ಅದಕ್ಕೆ ಮುಂಚಿನ ದಿನಗಳ ಮಳೆ ನೆಲವನ್ನು ತುಂಬಿಸಿಟ್ಟಾಗ.

ಬಿರುಕು ಮತ್ತು ಅದರ ಕಾರಣಗಳು

2019ರ ಮಳೆ ಇಳಿದ ಮೇಲೆ ತೋಟದ ಆಳುಗಳು ಮೇಲಿನ ಕೇರಿಯ ನೆತ್ತಿಗೆ ಅರ್ಧಚಂದ್ರಾಕಾರದ ಬಿರುಕೊಂದನ್ನು ಕಂಡರು. ಕೈ ಇಳಿಯುವಷ್ಟು ಅಗಲ. ಕೆಳಬದಿಯ ನೆಲ ಮೇಲ್ಬದಿಗಿಂತ ಗೇಣುದ್ದ ತಗ್ಗಿತ್ತು. ಕೆಳಗಿನ ಮನೆಗಳಲ್ಲಿ ಎರಡರ ಹಿಂಬಾಗಿಲು ಚೌಕಟ್ಟಿಗೆ ಸಿಕ್ಕಿ ಮುಚ್ಚುತ್ತಿರಲಿಲ್ಲ. ವಿದ್ಯುತ್ ಕಂಬವೊಂದು ವಾಲಿತ್ತು.

ಊರಿನಲ್ಲಿ ಕಾರಣ ಹೇಳುವವರು ಎರಡು ಪಕ್ಷವಾದರು. ಮಳೆ ವಿಪರೀತ, ಮನುಷ್ಯರು ಮಾಡುವುದೇನೂ ಇಲ್ಲ ಎಂಬುದು ಒಂದು; ಮೇಲಿನವರು ಮರ ಕಡಿದದ್ದೇ ಎಲ್ಲದಕ್ಕೂ ಮೂಲ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದ್ದರೂ ಎರಡೂ ಕೆಲಸಕ್ಕೆ ಬಾರದ ವಿವರಣೆಗಳು: ಮೊದಲನೆಯದು ಕೈಕಟ್ಟಿ ಕೂರಿಸುತ್ತದೆ, ಎರಡನೆಯದು ಜಗಳಕ್ಕೆ ನಿಲ್ಲಿಸುತ್ತದೆ. ನಂತರದ ಪರಿಶೀಲನೆಯಲ್ಲಿ ಕಂಡದ್ದು ಒಂದರ ಮೇಲೊಂದು ಕೂತ ಹಲವು ಕಾರಣಗಳು. ಕೆಲವು ವರ್ಷಗಳ ಹಿಂದೆ ಮಾರಿದ ಸಿಲ್ವರ್ ಓಕ್ ಮರಗಳ ಬುಡಗಳು ಕೊಳೆಯುತ್ತಿದ್ದವು. ಮರ ಉರುಳಿದ ದಿನವೇ ಬೇರಿನ ಹಿಡಿತ ಹೋಗುವುದಿಲ್ಲ, ವರ್ಷಗಳ ಮೇಲೆ ಹೋಗುತ್ತದೆ. ಹಾಗಾಗಿ ಕಡಿತಕ್ಕೂ ಕುಸಿತಕ್ಕೂ ಇರುವ ನಂಟು ಕಣ್ಣಿಗೆ ಬೀಳುವುದು ಕಡಿಮೆ. ಅಂಗಳ ಅಗಲ ಮಾಡಲು ಮನೆಗಳ ಹಿಂದೆ ಜೆಸಿಬಿಯಿಂದ ಧರೆಯನ್ನು (ಇಳಿಜಾರಿನ ಮಣ್ಣಿನ ಗೋಡೆಯನ್ನು) ನೆಟ್ಟಗೆ ಕಡಿಯಲಾಗಿತ್ತು. ರಸ್ತೆಯ ಮೋರಿ ಹೂಳು ತುಂಬಿ ನೀರು ಅಡ್ಡ ಹರಿಯುತ್ತಿತ್ತು. ಮತ್ತು ತೋಟದ ತುಂಬ ತೊಟ್ಟಿಲು ಗುಂಡಿಗಳಿದ್ದವು.

ಕಾಫಿ ಗಿಡಗಳ ಸಾಲಿನ ನಡುವೆ ತೋಡುವ ಈ ಗುಂಡಿಗಳು ಮಳೆ ನೀರನ್ನು ಹಿಡಿದು ಇಂಗಿಸುತ್ತವೆ, ಮೇಲ್ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ. ಸಾಧಾರಣ ಇಳಿಜಾರಿನಲ್ಲಿ ಒಳ್ಳೆಯ ಪದ್ಧತಿ. ತೋಟಗಾರರಿಗೆ ದಶಕಗಳಿಂದ ಹೇಳಿಕೊಡುತ್ತ ಬಂದಿರುವ ಪದ್ಧತಿ. ಬರದ ವರ್ಷಗಳಲ್ಲಿ ಇಂಗುಗುಂಡಿ ತೋಡುವುದೇ ಪುಣ್ಯಕಾರ್ಯ ಎಂಬಷ್ಟು ಪ್ರಚಾರ ನಡೆದದ್ದು ಎಲ್ಲರಿಗೂ ನೆನಪಿರಬಹುದು. ಆದರೆ ಜೇಡಿಯ ಮೇಲೆ ಕೂತ ಕಡಿದಾದ ಗುಡ್ಡದಲ್ಲಿ, ಅದೂ ಈಗಾಗಲೇ ಬಿರುಕು ಬಿಟ್ಟ ಜಾಗದ ಮೇಲ್ಭಾಗದಲ್ಲಿ, ಇಂಗಿಸುವ ಪ್ರತಿಯೊಂದು ಗುಂಡಿಯೂ ಕುಸಿತಕ್ಕೆ ನೀರೆರೆಯುವ ಗುಂಡಿಯೇ. ಬರಕ್ಕೆ ಮದ್ದು ಎಂದು ಎಲ್ಲೆಡೆ ಒಂದೇ ನಕ್ಷೆಯಲ್ಲಿ ಮಾಡುವ ಕೆಲಸ ಅತಿವೃಷ್ಟಿಯ ಅಪಾಯವನ್ನು ಹೆಚ್ಚಿಸಬಲ್ಲದು ಎಂಬುದು ನಮ್ಮ ಯೋಜನೆಗಳಲ್ಲಿ ಈಗಲೂ ಸರಿಯಾಗಿ ದಾಖಲಾಗಿಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲ ಪ್ರಯತ್ನ: ತಡೆಗೋಡೆ

ಊರಿನವರು ಮನವಿ ಕೊಟ್ಟರು, ಮಂಜೂರಾದದ್ದು ತಡೆಗೋಡೆ. ಇದರಲ್ಲಿ ಆಶ್ಚರ್ಯವಿಲ್ಲ. ಗೋಡೆಗೆ ಅಂದಾಜು ಪಟ್ಟಿ ಮಾಡಬಹುದು, ಅಳತೆ ಪುಸ್ತಕದಲ್ಲಿ ಬರೆಯಬಹುದು, ಮುಗಿದ ಮೇಲೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬಹುದು. ಮೇಲೆ ಖಾಸಗಿ ತೋಟದೊಳಗೆ ನೀರು ತಿರುಗಿಸುವ ಕೆಲಸಕ್ಕೆ ಇವು ಯಾವುವೂ ಇಲ್ಲ. ಮಾಲೀಕರ ಒಪ್ಪಿಗೆಯಿಲ್ಲದೆ ಅಲ್ಲಿ ಸರ್ಕಾರದ ಹಣ ಹಾಕುವಂತೆಯೂ ಇಲ್ಲ. 2020ರ ಬೇಸಿಗೆಯಲ್ಲಿ ಕೆಲಸ ಶುರುವಾಯಿತು, ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು ನಿಂತಿತು, ಮೇ ತಿಂಗಳ ನಂತರ ಮಳೆಯ ಮುಂಚೆ ಮುಗಿಸುವ ಅವಸರದಲ್ಲಿ ಸೈಜುಗಲ್ಲಿನ ಗೋಡೆ ಎದ್ದಿತು.

ಗೋಡೆಯ ಹಿಂದೆ ಜಲ್ಲಿ ತುಂಬಬೇಕಾದಲ್ಲಿ ಅಗೆದ ಮಣ್ಣನ್ನೇ ತುಂಬಲಾಗಿತ್ತು. ನೀರು ಬಸಿಯಲು ಬಿಟ್ಟ ತೂತುಗಳು ಕಡಿಮೆ. ಇದ್ದವುಗಳಲ್ಲಿ ಹಲವು ಗಾರೆಯಿಂದ ಮುಚ್ಚಿಹೋಗಿದ್ದವು. ಆಗಸ್ಟ್ ಮೊದಲ ವಾರದಲ್ಲಿ, ತಲಕಾವೇರಿಯ ಬ್ರಹ್ಮಗಿರಿ ಕುಸಿದ ಅದೇ ವಾರದಲ್ಲಿ, ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತು. ಬಿದ್ದಿದ್ದರೆ ಕೆಳಗಿನ ಎರಡು ಮನೆಗಳ ಮೇಲೆ ಮಣ್ಣಿನ ಜೊತೆ ಕಲ್ಲೂ ಬೀಳುತ್ತಿತ್ತು. ನೀರು ಹೊರಗೆ ಬರಲು ದಾರಿ ಕೊಡದ ತಡೆಗೋಡೆ ಗುಡ್ಡವನ್ನು ತಡೆಯುವುದಿಲ್ಲ, ನೀರನ್ನು ತಡೆಯುತ್ತದೆ. ನಿಂತ ನೀರಿನ ಒತ್ತಡ ಎಷ್ಟು ದಪ್ಪದ ಗೋಡೆಯನ್ನಾದರೂ ನೂಕಬಲ್ಲದು. ಗುಡ್ಡಗಾಡಿನ ತಡೆಗೋಡೆಗಳಿಗೆಂದೇ ಭಾರತೀಯ ಮಾನಕ ಬ್ಯೂರೋದ ಮಾರ್ಗಸೂಚಿ ಇದೆ. ಆದರೂ ನಮ್ಮ ಕಡೆಯ ಗೋಡೆಗಳು ಬಯಲುಸೀಮೆಯ ಕಾಂಪೌಂಡಿನ ಅಣ್ಣತಮ್ಮಂದಿರಂತೆಯೇ ಏಳುತ್ತವೆ.

ಮಳೆಯಲ್ಲಿ ಗುಡ್ಡ ಹತ್ತಿದ್ದು

ಅಲ್ಲಿಯವರೆಗೆ ಸ್ಥಳ ಪರಿಶೀಲನೆಗೆ ಬಂದವರೆಲ್ಲ ಬಂದದ್ದು ಫೆಬ್ರುವರಿ, ಮಾರ್ಚ್‌ನಲ್ಲಿ. ಒಣಗಿದ ಗುಡ್ಡದಲ್ಲಿ ಬಿರುಕು ಕಾಣುತ್ತದೆ, ನೀರಿನ ದಾರಿ ಕಾಣುವುದಿಲ್ಲ. ಗೋಡೆ ಹೊಟ್ಟೆ ಬಿಟ್ಟ ಮೇಲೆ ಪಂಚಾಯಿತಿಯ ಒತ್ತಾಯಕ್ಕೆ ಒಬ್ಬ ಭೂವಿಜ್ಞಾನಿ ಮಳೆಗಾಲದಲ್ಲಿಯೇ ಬಂದು, ಏಣಿನಿಂದ ಹಳ್ಳದವರೆಗೆ ನೀರಿನ ಹಿಂದೆಯೇ ಇಳಿದರು. ನಾವು ಕೆಲವರು ಜೊತೆಯಲ್ಲಿದ್ದೆವು. ಏಣಿನ ಬಂಡೆಯ ಮೇಲೆ ಬಿದ್ದ ಮಳೆ ಹಾಳೆಯಂತೆ ಹರಿದು ತೋಟದ ಮೊದಲ ಸಾಲಿನ ಗುಂಡಿಗಳಿಗೆ ಇಳಿಯುತ್ತಿತ್ತು. ಆ ಗುಂಡಿಗಳು ಎಷ್ಟು ಹೊತ್ತಾದರೂ ತುಂಬುತ್ತಿರಲಿಲ್ಲ. ಅಲ್ಲಿಂದ ಕೆಳಗೆ ಮೇಲ್ಮೈಯಲ್ಲಿ ನೀರು ಕಡಿಮೆ. ಮೇಲಿನ ಕೇರಿಯ ಒಂದು ಮನೆಯ ಅಡುಗೆಮನೆಗೆ ಬಂದಾಗ ಹಿಂಗೋಡೆಯ ಬುಡದಿಂದ ನೀರು ಏಳುತ್ತಿತ್ತು.

ಮಲೆನಾಡಿನಲ್ಲಿ ಮಳೆಗಾಲಕ್ಕೆ ಜಲ ಏಳುವುದು ಹೊಸದಲ್ಲ. ಮನೆಯವರು ಅದಕ್ಕೊಂದು ಸಣ್ಣ ಚರಂಡಿ ಮಾಡಿ ಹೊರಗೆ ಬಿಟ್ಟಿದ್ದರು. ಮನೆಯ ಹಿರಿಯ ಹೆಂಗಸು ಆ ನೀರನ್ನು ಬೆಳಿಗ್ಗೆ ಒಂದು ಸ್ಟೀಲಿನ ತಂಬಿಗೆಯಲ್ಲಿ ಹಿಡಿದಿಟ್ಟಿದ್ದರು. ಮೇಲಿನ ತಿಳಿ ಚೆಲ್ಲಿ ತಳ ತೋರಿಸಿದರು: ಬೆರಳಿಗೆ ನುಣ್ಣಗೆ ಹತ್ತುವ ಬಿಳಿ ಜೇಡಿ, ಅಕ್ಕಿಹಿಟ್ಟಿನ ಗಸಿಯ ಹಾಗೆ. ಹೋದ ವರ್ಷದವರೆಗೆ ನೀರು ತಿಳಿಯಾಗಿಯೇ ಬರುತ್ತಿತ್ತು, ಈ ವರ್ಷ ಬಣ್ಣ ತಿರುಗಿದೆ ಎಂದು ಅವರು ಹೇಳಿದ್ದು ಆ ದಿನದ ಅತಿ ಮುಖ್ಯ ಮಾಹಿತಿ. ತಿಳಿ ನೀರು ಬಂದರೆ ಗುಡ್ಡ ಬಸಿಯುತ್ತಿದೆ ಎಂದರ್ಥ. ಜೇಡಿ ಬಂದರೆ ಗುಡ್ಡದ ಒಳಗೆ ಮಣ್ಣು ಕರಗಿ ಕೊಳವೆಯಂಥ ದಾರಿಗಳಾಗುತ್ತಿವೆ ಎಂದರ್ಥ. ಆವರೆಗೆ ಯಾವ ಅಧಿಕಾರಿಯೂ ಆಕೆಯನ್ನು ಏನನ್ನೂ ಕೇಳಿರಲಿಲ್ಲ.

ಆ ಇಳಿತದ ಕೊನೆಗೆ ಆದ್ಯತೆಯ ಕ್ರಮ ತಿರುಗುಮುರುಗಾಯಿತು. ಮೊದಲು ಮೇಲಿನ ನೀರನ್ನು ಗುಡ್ಡದೊಳಗೆ ಹೋಗದಂತೆ ಬದಿಗೆ ತಿರುಗಿಸುವುದು, ನಂತರ ಒಳಗೆ ಹೋದ ನೀರನ್ನು ಹೊರಗೆ ತೆಗೆಯುವುದು, ಗೋಡೆ ಎಲ್ಲಕ್ಕಿಂತ ಕೊನೆಗೆ.

ತೋಟದ ಮಾಲೀಕರ ಒಪ್ಪಿಗೆ

ಮೇಲಿನ ನೀರೆಂದರೆ ಮೇಲಿನ ತೋಟದ ನೀರು. ಮಾಲೀಕರು ಜಿಲ್ಲಾ ಕೇಂದ್ರದಲ್ಲಿ ವಾಸ. ತೋಟ ನೋಡಿಕೊಳ್ಳುವವರು ರೈಟರು. ಊರಿನ ಮೊದಲ ನಿಯೋಗ ಹೋಗಿ ನಿಮ್ಮ ಗುಂಡಿಗಳಿಂದ ನಮ್ಮ ಮನೆ ಬೀಳುತ್ತದೆ ಎಂದಿತು. ಮಾತು ಅಲ್ಲಿಗೇ ಮುಗಿಯಿತು. ತಪ್ಪು ಒಪ್ಪಿಕೊಂಡಂತೆ ಆಗುವ ಯಾವುದಕ್ಕೂ ಅವರು ಸಹಿ ಹಾಕುವವರಲ್ಲ. ಅಲ್ಲದೆ ಗುಂಡಿ ತೋಡಿದ್ದು ತಜ್ಞರು ಹೇಳಿದ್ದಕ್ಕೇ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಕೈಕೊಟ್ಟ ವರ್ಷಗಳಲ್ಲಿ ತೋಟ ಉಳಿದದ್ದೂ ಅವುಗಳಿಂದಲೇ.

ಎರಡನೆಯ ನಿಯೋಗ ಹೋಗುವ ಮುಂಚೆ ಪಂಚಾಯಿತಿ ಒಂದು ನಕ್ಷೆ ಮಾಡಿಸಿತು. ಬಿರುಕಿನ ಮೇಲ್ಭಾಗದ ಒಂದು ಪಟ್ಟಿಯಲ್ಲಿ ಮಾತ್ರ ಗುಂಡಿ ಮುಚ್ಚುವುದು; ಉಳಿದವು ಹಾಗೇ ಇರಲಿ. ಏಣಿನ ಕೆಳಗೆ ಅಡ್ಡಲಾಗಿ ತೆಗೆಯುವ ಕಾಲುವೆಯ ನೀರನ್ನು ಹಳ್ಳಕ್ಕೆ ಬಿಡದೆ, ಬಂಡೆಯ ತಳವಿರುವ ಪಕ್ಕದ ಏಣಿನಲ್ಲಿ ತೋಟದ್ದೇ ಆದ ಹಳೆಯ ಕೆರೆಗೆ ಸೇರಿಸುವುದು. ಅಂದರೆ ನೀರು ತೋಟದಲ್ಲಿಯೇ ಉಳಿಯುತ್ತದೆ, ಹೂಮಳೆಯ ಕಾಲಕ್ಕೆ ಸ್ಪ್ರಿಂಕ್ಲರಿಗೂ ಸಿಗುತ್ತದೆ. ಮಾತುಕತೆಯಲ್ಲಿ ಯಾರ ತಪ್ಪು ಎಂಬ ಪ್ರಶ್ನೆಯನ್ನೇ ಎತ್ತಲಿಲ್ಲ. ಮಾಲೀಕರು ಒಪ್ಪಿದರು, ಕೂಲಿ ನಿಮ್ಮದು, ಯಂತ್ರ ನನ್ನದು ಎಂದರು. ಒಪ್ಪಂದವನ್ನು ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿ ಹಾಕಲಾಯಿತು. ಕೊಡುವವನಿಗೂ ಏನಾದರೂ ಸಿಗುವಂತೆ ಕೇಳಿದ್ದು ಈ ಪ್ರಕರಣದ ದೊಡ್ಡ ತಿರುವು. ಒಪ್ಪಂದವನ್ನು ಬಿಳಿ ಹಾಳೆಗೇ ಬಿಟ್ಟದ್ದರ ಪರಿಣಾಮವನ್ನು ಕೊನೆಯಲ್ಲಿ ಹೇಳುತ್ತೇನೆ.

2021ರ ಬೇಸಿಗೆಯಲ್ಲಿ ಕೆಲಸ ನಡೆಯಿತು. ಮಣ್ಣುಕೆಲಸಕ್ಕೆ ಉದ್ಯೋಗ ಖಾತ್ರಿಯ ಕೂಲಿ, ಸಾಮಗ್ರಿಗೆ ಪಂಚಾಯಿತಿಯ ಹಣಕಾಸು ಆಯೋಗದ ಅನುದಾನ. ಅಡ್ಡಗಾಲುವೆಯ ತಳಕ್ಕೆ ಕಾಂಕ್ರೀಟು ಹಾಕಲಾಯಿತು. ಮಣ್ಣಿನ ಕಾಲುವೆಯಾಗಿದ್ದರೆ ಅದೂ ಒಂದು ಉದ್ದದ ಇಂಗುಗುಂಡಿಯಾಗುತ್ತಿತ್ತು. ಬಿರುಕಿಗೆ ಜೇಡಿ ಮಣ್ಣು ಗಿಡಿದು ಮಳೆಗಾಲದಲ್ಲಿ ಮೇಲೆ ಟಾರ್ಪಾಲು ಹೊದಿಸಲಾಯಿತು. ಮನೆಗಳ ಹಿಂದಿನ ಧರೆಗೆ ಸ್ವಲ್ಪ ಮೇಲ್ಮುಖವಾಗಿ ರಂಧ್ರ ಕೊರೆದು, ತೂತು ಮಾಡಿದ ಪಿವಿಸಿ ಪೈಪುಗಳನ್ನು ಬಟ್ಟೆ ಸುತ್ತಿ ಒಳಗೆ ತಳ್ಳಲಾಯಿತು. ಹೊಟ್ಟೆ ಬಿಟ್ಟ ಗೋಡೆಯನ್ನು ಕೆಡವಿ ಅದೇ ಕಲ್ಲನ್ನು ತಂತಿಬಲೆಯ ಪೆಟ್ಟಿಗೆಗಳಿಗೆ ತುಂಬಿ ಮೆಟ್ಟಿಲಾಗಿ ಜೋಡಿಸಿದ್ದರಿಂದ ನೀರು ಕಲ್ಲಿನ ಸಂದಿಯಿಂದ ತಾನೇ ಹೊರಬರುತ್ತದೆ. ಸೂರಿನ ನೀರು ಧರೆಗೆ ಬೀಳದಂತೆ ತಗಡಿನ ದೋಣಿ ಕಟ್ಟಲಾಯಿತು. ಧರೆಯ ಮೇಲೆ ಲಾವಂಚ ನೆಟ್ಟರು. ಲಾವಂಚದ ಬೇರು ಮೇಲ್ಪದರವನ್ನು ಚೆನ್ನಾಗಿ ಹಿಡಿಯುತ್ತದೆ, ಆದರೆ ಹಲವು ಮೀಟರು ಆಳದಲ್ಲಿ ಜಾರುವ ಗುಡ್ಡವನ್ನು ಹುಲ್ಲು ನಿಲ್ಲಿಸುವುದಿಲ್ಲ. ಈ ಎರಡನೆಯ ಮಾತನ್ನು ಲಾವಂಚದ ಪ್ರಚಾರಕರು ಮೆಲ್ಲಗೆ ಹೇಳುತ್ತಾರೆ.

ಬಿರುಕಿನ ಎರಡೂ ಬದಿಗೆ ಕಬ್ಬಿಣದ ಗೂಟ ಹುಗಿದು, ನಡುವಿನ ಅಂತರವನ್ನು ಟೇಪಿನಿಂದ ಅಳೆದು ಬರೆದಿಡುವ ಕ್ರಮವೂ ಆಗಲೇ ಶುರುವಾಯಿತು. ಇಡೀ ಯೋಜನೆಯಲ್ಲಿ ಅತಿ ಅಗ್ಗದ ಕೆಲಸ ಅದು.

ಯಾವಾಗ ಮನೆ ಬಿಡಬೇಕು

ಕಾಲುವೆ ಅಪಾಯವನ್ನು ಕಡಿಮೆ ಮಾಡುತ್ತದೆ, ಇಲ್ಲದಂತೆ ಮಾಡುವುದಿಲ್ಲ. ಆದ್ದರಿಂದ ಜೋರು ಮಳೆಯಲ್ಲಿ ಮೇಲಿನ ಕೇರಿ ಖಾಲಿಯಾಗಬೇಕೆಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಯಾವಾಗ, ಯಾರ ಮಾತಿನ ಮೇಲೆ ಎಂಬುದೇ ಪ್ರಶ್ನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಜನರನ್ನು ತೆರವು ಮಾಡಿಸುವ ಅಧಿಕಾರವಿದೆ. ಆದರೆ ಜುಲೈ ತಿಂಗಳ ರಾತ್ರಿ, ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದ ಮೇಲೆ, ಆ ಅಧಿಕಾರ ಈ ಊರನ್ನು ತಲುಪುವ ದಾರಿ ಯಾವುದು?

ಉತ್ತರ ಸಿಕ್ಕಿದ್ದು ತೋಟದ ರೈಟರ ಮಳೆ ಪುಸ್ತಕದಲ್ಲಿ. ಇಲ್ಲಿನ ತೋಟಗಳಲ್ಲಿ ದಿನದ ಮಳೆಯನ್ನು ಇಂಚು, ಸೆಂಟಿನಲ್ಲಿ (ಸೆಂಟೆಂದರೆ ಇಂಚಿನ ನೂರನೆಯ ಒಂದು ಭಾಗ) ಬರೆದಿಡುವ ರೂಢಿ ತಲೆಮಾರುಗಳದು. 2019ರ ಪುಟಗಳನ್ನು ಮುಂದಿಟ್ಟುಕೊಂಡು, ಬಿರುಕು ಬಿಟ್ಟ ವಾರದ ಮಳೆಯನ್ನು ಲೆಕ್ಕ ಹಾಕಿ ಊರು ತನ್ನದೇ ನಿಯಮ ಮಾಡಿಕೊಂಡಿತು: ಹಿಂದಿನ ಮೂರು ದಿನಗಳಲ್ಲಿ ಒಟ್ಟು ಹತ್ತು ಇಂಚು ದಾಟಿದ್ದು, ನಾಲ್ಕನೆಯ ದಿನ ನಾಲ್ಕೂವರೆ ಇಂಚು ಮುಟ್ಟಿದರೆ ಮೇಲಿನ ಕೇರಿ ಆ ರಾತ್ರಿ ಮನೆಯಲ್ಲಿ ಮಲಗುವಂತಿಲ್ಲ. ಹವಾಮಾನ ಇಲಾಖೆ ‘ಅತಿ ಭಾರಿ’ ಮಳೆ ಎನ್ನುವುದು ದಿನಕ್ಕೆ 115.6 ಮಿಲಿಮೀಟರಿನಿಂದ, ಅದು ಹೆಚ್ಚು ಕಡಿಮೆ ನಾಲ್ಕೂವರೆ ಇಂಚೇ. ಮಳೆ ಎಷ್ಟಿದ್ದರೂ ಸರಿ, ಜಲದ ಬಣ್ಣ ತಿರುಗಿದರೆ, ಗೂಟಗಳ ಅಂತರ ಹೆಚ್ಚಿದರೆ, ಅಥವಾ ಸುರಿಯುವ ಮಳೆಯಲ್ಲಿ ಹಳ್ಳದ ನೀರು ಇದ್ದಕ್ಕಿದ್ದಂತೆ ಇಳಿದರೆ ತಕ್ಷಣ ಹೊರಡುವುದು. ಹಳ್ಳ ಇಳಿಯುವುದೆಂದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ ಎಂದು. ಈ ಅಂಕಿಗಳು ಆ ಒಂದು ಗುಡ್ಡದವು; ಬೇರೆ ಊರು ಅವನ್ನು ಹಾಗೇ ಎತ್ತಿಕೊಂಡರೆ ಪ್ರಯೋಜನವಿಲ್ಲ.

ಮಳೆ ಅಳೆಯುವುದು ಬೆಳಿಗ್ಗೆ ಒಂದೇ ಹೊತ್ತು ಎಂಬುದು ಒಂದು ತೊಡಕಾಗಿತ್ತು. ಹಗಲೆಲ್ಲ ಸುರಿದದ್ದು ಮರುದಿನ ಬೆಳಿಗ್ಗೆ ಗೊತ್ತಾದರೆ ನಡುವಿನ ರಾತ್ರಿಗೆ ಏನು ಗತಿ? ಹಾಗಾಗಿ ಸಂಜೆಯೂ ಅಳೆಯುವುದೆಂದಾಯಿತು. ನಿರ್ಧಾರ ರೈಟರು, ಆಶಾ ಕಾರ್ಯಕರ್ತೆ, ವಾರ್ಡಿನ ಸದಸ್ಯರು ಈ ಮೂವರಲ್ಲಿ ಇಬ್ಬರದು. ಸೂಚನೆ ಕೊಡುವುದು ತೋಟದ ಕೆಲಸಕ್ಕೆ ಹೊಡೆಯುವ ಗಂಟೆಯಿಂದ. ಇದನ್ನು ಪಂಚಾಯಿತಿ ನಿರ್ಣಯವಾಗಿ ಬರೆದು ತಹಸೀಲ್ದಾರರ ಕಚೇರಿಗೆ ಕಳಿಸಲಾಯಿತು. ಅಲ್ಲಿಂದ ಬಂದ ಒಂದು ಸಾಲಿನ ಸ್ವೀಕೃತಿಯೇ ಮೂವರಿಗೂ ಧೈರ್ಯ ಕೊಟ್ಟಿತು.

2022ರ ಮಳೆಗಾಲದಲ್ಲಿ ಮೊದಲ ಸಲ ಗಂಟೆ ಹೊಡೆದಾಗ ಹೆಚ್ಚಿನವರು ಹೊರಡಲಿಲ್ಲ. ಮರುದಿನ ಮನೆ ಮನೆಗೆ ಹೋಗಿ ಕೇಳಿದಾಗ ಗುಡ್ಡದ ಮೇಲೆ ನಂಬಿಕೆ ಎಂದವರು ಕಡಿಮೆ. ದನ ಎಂದವರು ಹೆಚ್ಚು. ಕರೆಯುವ ಹಸುವನ್ನು ಕೊಟ್ಟಿಗೆಯಲ್ಲಿ ಬಿಟ್ಟು ಮನುಷ್ಯರು ಮಾತ್ರ ಹೋಗಿ ಮಲಗುವುದು ಅವರಿಗೆ ಸರಿಕಾಣಲಿಲ್ಲ. ಹೋದರೂ ಬೆಳಗಿನ ಜಾವ ಹಾಲು ಕರೆಯಲು ವಾಪಸು ಬರಲೇಬೇಕು. ಇನ್ನು ಶಾಲೆಯಲ್ಲಿ ತೆರೆಯುವ ಗಂಜಿ ಕೇಂದ್ರಕ್ಕೆ ಹೋಗಿ ಸಾಲಿನಲ್ಲಿ ಕೂರುವುದು ಮಾನಹಾನಿ ಎಂಬ ಭಾವನೆ ಬಲವಾಗಿತ್ತು. ಮುಂದಿನ ಬೇಸಿಗೆಯಲ್ಲಿ ಎರಡು ಬದಲಾವಣೆಯಾದವು. ಶಾಲೆಯ ಹಿಂದಿನ ಸಮತಟ್ಟು ಜಾಗದಲ್ಲಿ ಜಿಂಕ್ ಶೀಟಿನ ಒಂದು ಕೊಟ್ಟಿಗೆ ಎದ್ದಿತು. ಮೇಲಿನ ಕೇರಿಯ ಪ್ರತಿ ಮನೆಗೂ ನಡುವಿನ ಕೇರಿಯಲ್ಲಿ ಒಂದು ಮನೆ ಗೊತ್ತು ಮಾಡಲಾಯಿತು: ಗಂಟೆ ಹೊಡೆದರೆ ಇಂಥವರು ಇಂಥವರ ಮನೆಗೆ ಎಂದು.

ಈ ಮನೆ ಜೋಡಣೆಯನ್ನು ಹೊರಗಿನವರು ಬಹಳ ಮೆಚ್ಚಿದರು. ಅದು ಕೆಲಸ ಮಾಡಿದ್ದು ನೆಂಟಸ್ತಿಕೆ ಇದ್ದ ಕಡೆ ಮಾತ್ರ ಎಂಬುದನ್ನೂ ಬರೆಯಬೇಕು. ಹಳ್ಳದ ಬದಿಯ ಕಾಲೊನಿಗೂ ಪ್ರವಾಹದ ಅಪಾಯವಿತ್ತು. ಅವರಿಗೆ ಯಾವ ಮನೆಯೂ ಗೊತ್ತಾಗಲಿಲ್ಲ. ಜಾತಿಯ ಮಾತನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ, ಆದರೆ ಪಟ್ಟಿ ತಯಾರಾದ ರೀತಿಯಲ್ಲಿ ಅದು ಸ್ಪಷ್ಟವಾಗಿತ್ತು. ಅವರ ಪಾಲಿಗೆ ಶಾಲೆಯೇ ಉಳಿಯಿತು. ಕಾಲೊನಿಯ ಹೆಣ್ಣುಮಕ್ಕಳ ಸ್ವಸಹಾಯ ಸಂಘ ಪಟ್ಟು ಹಿಡಿದು ಶಾಲೆಗೆ ಎರಡು ಶೌಚಾಲಯ, ಒಂದು ಸೋಲಾರ್ ದೀಪ ಹಾಕಿಸಿಕೊಂಡಿತು.

ಬರ, ಮತ್ತೆ ಮಳೆ

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಗಂಟೆ ಒಮ್ಮೆಯೂ ಹೊಡೆಯಲಿಲ್ಲ. ಮಾಲೀಕರಿಂದ ಮುಚ್ಚಿದ ಗುಂಡಿಗಳನ್ನು ಮತ್ತೆ ತೆರೆಯಬೇಕೆಂಬ ಮಾತು ಬಂತು, ಅದು ನ್ಯಾಯವೂ ಆಗಿತ್ತು. ಅಡ್ಡಗಾಲುವೆಯ ನೀರು ಸೇರುತ್ತಿದ್ದ ಕೆರೆಯಲ್ಲಿ ಸ್ವಲ್ಪವಾದರೂ ನೀರಿದ್ದದ್ದು ಆಗ ಒಪ್ಪಂದವನ್ನು ಉಳಿಸಿತು. ಪಕ್ಕದ ಏಣಿನಲ್ಲಿ ಹೊಸದಾಗಿ ಕೆಲವು ಗುಂಡಿ ತೆಗೆದು, ಬಿರುಕಿನ ಮೇಲಿನ ಪಟ್ಟಿಯನ್ನು ಮುಟ್ಟಲಿಲ್ಲ. ಅದೇ ಬರದ ವರ್ಷ, ಯಾರ ಗಮನಕ್ಕೂ ಬಾರದಂತೆ, ನಡುವಿನ ಕೇರಿಯ ಹಿಂದೆ ಹೋಂಸ್ಟೇ ಒಂದರ ವಾಹನ ನಿಲುಗಡೆಗೆಂದು ಧರೆ ಕಡಿಯಲಾಯಿತು.

2024ರ ಜುಲೈ ಮಳೆ ನೆನಪಿನಲ್ಲಿ ಉಳಿಯುವಂಥದು. ಶಿರಾಡಿ ಘಾಟಿಯಲ್ಲಿ ದೋಣಿಗಾಲ್ ಬಳಿ ರಸ್ತೆಗೆ ಮಣ್ಣು ಬಂತು, ಜುಲೈ 16ರಂದು ಅಂಕೋಲಾದ ಶಿರೂರು ಕುಸಿಯಿತು, ತಿಂಗಳ ಕೊನೆಗೆ ವಯನಾಡು. ಈ ಊರಿನಲ್ಲಿ ಗಂಟೆ ಆ ತಿಂಗಳು ಎರಡು ಸಲ ಹೊಡೆಯಿತು. ಮೊದಲ ಸಲ ಎಲ್ಲರೂ ಹೊರಟರು, ಏನೂ ಆಗಲಿಲ್ಲ, ಗೊಣಗಿಕೊಂಡು ವಾಪಸಾದರು. ಎರಡನೆಯ ಸಲವೂ ಹೊರಟರು. ಮೇಲಿನ ಗುಡ್ಡ ಆ ರಾತ್ರಿಯೂ ನಿಂತಿತು. ಕುಸಿದದ್ದು ಹೋಂಸ್ಟೇಯ ಕಡಿತ, ಮತ್ತು ಅದರ ಕೆಳಗಿದ್ದದ್ದು ಮೇಲಿನ ಕೇರಿಯ ಒಂದು ಕುಟುಂಬಕ್ಕೆ ಆಶ್ರಯವೆಂದು ಗೊತ್ತು ಮಾಡಿದ್ದ ಮನೆ.

ಎರಡು ಕುಟುಂಬದವರೂ ಉಳಿದದ್ದು ಆ ಮನೆಯ ಸೊಸೆಯ ಎಚ್ಚರಿಕೆಯಿಂದ. ಊಟದ ಹೊತ್ತಿಗೆ ಹಿತ್ತಲಿನ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಕೆಂಪು ನೀರು ಬಿಳಿಚಿದ್ದನ್ನು ಕಂಡು, ಮೇಲಿನ ಕೇರಿಯವರಿಗೆ ಕಲಿಸಿದ್ದ ಲಕ್ಷಣ ಇದೇ ಅಲ್ಲವೇ ಎಂದು ಕೇಳಿದಳು. ಬಂದಿದ್ದ ನೆಂಟರು ಹೌದೆಂದರು. ಅನ್ನ ಬಿಟ್ಟು ಎಲ್ಲರೂ ಶಾಲೆಗೆ ನಡೆದರು. ರಾತ್ರಿ ಅಡುಗೆಮನೆಯೂ ಹಿಂದಿನ ಸೌದೆ ಕೊಟ್ಟಿಗೆಯೂ ಮಣ್ಣಿನಡಿಗೆ ಹೋದವು.

ಮೇಲಿನ ಕೇರಿಯ ಮೇಲೆ ನೆಟ್ಟಿದ್ದ ಕಣ್ಣು ಆಶ್ರಯದ ಮನೆಗಳ ಹಿಂದೆ ಏನಿದೆ ಎಂದು ನೋಡಿರಲಿಲ್ಲ. ಅಪಾಯದ ಪಟ್ಟಿಯನ್ನು ಒಮ್ಮೆ ಮಾಡಿ ಫೈಲಿಗೆ ಸೇರಿಸುವ ಅಭ್ಯಾಸದ ಫಲ ಇದು. ಇಳಿಜಾರು ಪ್ರತಿ ಬೇಸಿಗೆಯಲ್ಲಿ, ಪ್ರತಿ ಜೆಸಿಬಿ ಕೆಲಸದ ನಂತರ ಬದಲಾಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕುಸಿತ ಸಂಭವದ ನಕ್ಷೆಗಳು 1:50,000 ಪ್ರಮಾಣದವು. ತಾಲ್ಲೂಕಿನ ಯಾವ ಭಾಗ ಸೂಕ್ಷ್ಮ ಎಂದು ತಿಳಿಯಲು ಅವು ಬೇಕು. ಒಂದು ಮನೆಯ ಹಿಂದಿನ ಹೊಸ ಕಡಿತ ಅವುಗಳಲ್ಲಿ ಕಾಣುವುದಿಲ್ಲ. ಅದನ್ನು ಕಾಣಬಲ್ಲವರು ಕಟ್ಟಡ ಪರವಾನಗಿ ಕೊಡುವ ಪಂಚಾಯಿತಿಯವರೇ. ಕುಸಿತದ ನಂತರ ಪಂಚಾಯಿತಿ ಆಳೆತ್ತರಕ್ಕಿಂತ ಹೆಚ್ಚಿನ ಧರೆ ಕಡಿತಕ್ಕೆ ಎಂಜಿನಿಯರ ಅಭಿಪ್ರಾಯ ಕಡ್ಡಾಯವೆಂದೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣು ಅಗೆಯುವಂತಿಲ್ಲವೆಂದೂ ನಿರ್ಣಯ ಮಾಡಿದೆ. ನಿರ್ಣಯ ಬಂದ ಮೇಲೆ ಒಂದು ಅರ್ಜಿ ತಿರಸ್ಕೃತವಾಗಿದೆ. ಇನ್ನೊಂದು ಕಡೆ ರಾತ್ರಿ ಯಂತ್ರ ಓಡಿದೆ.

ಉಳಿದ ಕಡತಗಳು

ಮೇಲಿನ ಕೇರಿಯ ಸ್ಥಳಾಂತರ ಇನ್ನೂ ಆಗಿಲ್ಲ. ಗೂಟಗಳ ಅಂತರ 2024ರಲ್ಲಿ ಬೆರಳಗಲದಷ್ಟು ಮಾತ್ರ ಹೆಚ್ಚಿದೆ ಎಂಬುದು ಒಳ್ಳೆಯ ಸುದ್ದಿ. ಅದೇ ಸುದ್ದಿ ಸ್ಥಳಾಂತರದ ತುರ್ತನ್ನೂ ತಗ್ಗಿಸಿದೆ. ಸ್ಥಳಾಂತರಕ್ಕೆ ಗೋಮಾಳವೆಂದು ಗುರುತಿಸಿದ ಜಾಗ, ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯೊಳಗೆ ಬರುತ್ತದೆ. ಜಂಟಿ ಸರ್ವೆಗೆ ಬರೆದ ಪತ್ರಗಳು ಎರಡು ಇಲಾಖೆಗಳ ನಡುವೆ ಓಡಾಡುತ್ತಿವೆ. ಕೆಲವು ಮನೆಗಳಿಗೆ 94ಸಿ (ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆಯನ್ನು ಸಕ್ರಮ ಮಾಡುವ) ಅರ್ಜಿ ಹಾಕಿದ್ದಷ್ಟೇ ಹೊರತು ಹಕ್ಕುಪತ್ರವಿಲ್ಲ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ನಿಂತಿರುವ, ಆದರೆ ಬೀಳಬಹುದಾದ ಮನೆಗೆ ಪರಿಹಾರದ ನಿಯಮದಲ್ಲಿ ಜಾಗವಿಲ್ಲ. 15ನೇ ಹಣಕಾಸು ಆಯೋಗ ರಾಜ್ಯದ ವಿಪತ್ತು ಹಣದಲ್ಲಿ ಶೇ 20ನ್ನು ಅಪಾಯ ತಗ್ಗಿಸುವ ಕೆಲಸಗಳಿಗೇ ಪ್ರತ್ಯೇಕಿಸಿದ್ದು ಇಂಥ ಊರುಗಳಿಗೆ ನಿಜವಾದ ದಾರಿ. ಈ ಊರಿನ ಪ್ರಸ್ತಾವ ಆ ಶೀರ್ಷಿಕೆಯಡಿ ಹೋಗುವ ಮುಂಚೆ ಎರಡು ಸಲ ಪರಿಹಾರದ ಶೀರ್ಷಿಕೆಯಡಿ ಹೋಗಿ ವಾಪಸು ಬಂದಿತ್ತು. ಪಂಚಾಯಿತಿಗಳು ಅರ್ಜಿ ಬರೆಯುವಾಗಲೇ ಈ ವ್ಯತ್ಯಾಸ ತಿಳಿದಿದ್ದರೆ ಎರಡು ಮಳೆಗಾಲ ಉಳಿಯುತ್ತದೆ.

ಮೇಲಿನ ತೋಟ ಈಚೆಗೆ ಮಾರಾಟವಾಗಿದೆ. ಬಿಳಿ ಹಾಳೆಯ ಒಪ್ಪಂದಕ್ಕೆ ಹೊಸ ಮಾಲೀಕರು ಬದ್ಧರಲ್ಲ. ಅವರು ಕೆಟ್ಟವರೂ ಅಲ್ಲ, ಆದರೆ ತಮ್ಮ ಜಮೀನಿನಲ್ಲಿ ಇನ್ನೊಬ್ಬರು ಕಾಂಕ್ರೀಟು ಹಾಕಿದ ಕಾಲುವೆ ಯಾಕಿದೆ, ಪ್ರತಿ ಮೇ ತಿಂಗಳು ಊರಿನವರು ಅದರ ಹೂಳು ತೆಗೆಯಲು ಯಾಕೆ ಒಳಗೆ ಬರಬೇಕು ಎಂದು ಕೇಳುವ ಹಕ್ಕು ಅವರಿಗಿದೆ. ಕಾಲುವೆಯ ಪಟ್ಟಿಗೂ ಅಲ್ಲಿಗೆ ಹೋಗುವ ದಾರಿಗೂ ಪಂಚಾಯಿತಿಯ ಹೆಸರಿನಲ್ಲಿ ಅನುಭೋಗದ ಹಕ್ಕನ್ನು (ಇನ್ನೊಬ್ಬರ ಜಮೀನನ್ನು ನಿರ್ದಿಷ್ಟ ಕೆಲಸಕ್ಕೆ ಬಳಸುವ ಹಕ್ಕನ್ನು) ನೋಂದಾಯಿಸುವ ಕರಡು ಪತ್ರ ತಯಾರಾಗಿದೆ. ಹೊಸ ಮಾಲೀಕರ ವಕೀಲರು ಕೆರೆಯ ನೀರಿನ ಬಳಕೆಯ ಬಗ್ಗೆ ಒಂದು ಷರತ್ತು ಸೇರಿಸಲು ಕೇಳಿದ್ದಾರೆ, ಪಂಚಾಯಿತಿ ಅದಕ್ಕೆ ಒಪ್ಪುವ ಸೂಚನೆ ಇದೆ. ಸಹಿ ಆಗುವವರೆಗೆ ಹೂಳು ತೆಗೆಯಲು ಹೋಗುವವರು ರೈಟರಿಗೆ ಹಿಂದಿನ ದಿನ ಹೇಳಿ ಹೋಗಬೇಕೆಂದು ಬಾಯಿಮಾತಿನಲ್ಲಿ ತೀರ್ಮಾನವಾಗಿದೆ.